ಥಾಡಿಯಸ್ ಸ್ಟೀವನ್ಸ್ ಎಂಬ ನ್ಯಾಯವಾದಿಯ ಜೀವಿತ

ವಿದ್ಯೆಯು ಕತ್ತಿಯಂಥದ್ದು. ಅದರಿಂದ ಬಡವನ ಕಟ್ಟನ್ನು ಕೊಯ್ದು ಬಿಡಿಸಲೂ ಬಹುದು, ಅವನ ಕೊರಳನ್ನು ಕೊಯ್ಯಲೂ ಬಹುದು. ವಿಶೇಷವಾಗಿ ಕಾಯಿದೆಯನ್ನು ಕಲಿತವನ ವಿಷಯದಲ್ಲಿ ಇದು ನಿಜವು. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಾಳಿದ ಥಾಡಿಯಸ್ ಸ್ಟೀವನ್ಸ್ ಎಂಬ ವಕೀಲನು ಈ ಎರಡನ್ನೂ ಮಾಡಿದನು. ಯೌವನದಲ್ಲಿ ಅವನು ತನ್ನ ವಾದದ ಬಲದಿಂದ ಒಬ್ಬ ತಾಯಿಯನ್ನೂ ಆಕೆಯ ಮಕ್ಕಳನ್ನೂ ಗುಲಾಮತನಕ್ಕೆ ಒಪ್ಪಿಸಿದನು. ಆಮೇಲೆ ಬದುಕಿದ ಕಾಲದಲ್ಲಿ ಅದೇ ವಾದದ ಬಲವನ್ನು ದಿಕ್ಕಿಲ್ಲದವರ ಪಕ್ಷಕ್ಕೆ ಕೊಟ್ಟನು. ಅವನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು.

೧. ತಾಯಿಯ ಮನೆ

ಸ್ಟೀವನ್ಸನು ೧೭೯೨ನೇ ಇಸವಿ ಎಪ್ರಿಲ್ ೪ರಂದು ವರ್ಮಾಂಟ್ ಸಂಸ್ಥಾನದ ಡ್ಯಾನ್‌ವಿಲ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಅದು ದೀರ್ಘವಾದ ಚಳಿಗಾಲವುಳ್ಳ, ದುಡಿದರೂ ಸ್ವಲ್ಪವೇ ಬೆಳೆಯುವ ಗುಡ್ಡಗಾಡು ಪ್ರಾಂತವು. ಅವನ ತಂದೆಯು ವ್ಯವಸಾಯ ಮಾಡುತ್ತಾ ಜೋಡು ಹೊಲಿಯುತ್ತಾ ಇದ್ದ ಬಡವನು. ಕೂಸು ಹುಟ್ಟುವಾಗಲೇ ಅದರ ಒಂದು ಪಾದವು ತಿರುಚಿಕೊಂಡಿತ್ತು. ಅವನ ಅಣ್ಣನಿಗಾದರೋ ಎರಡು ಪಾದಗಳೂ ಹಾಗೆಯೇ ಇದ್ದವು. ಇಂಥಾ ಊನವನ್ನು ಕಂಡು ಇದು ದೇವರ ಶಾಪವೆಂದು ಪಿಸುಗುಟ್ಟುವವರು ಆ ಕಾಲದಲ್ಲಿ ಆ ದೇಶದಲ್ಲಿಯೂ ಇದ್ದರು. ಮಕ್ಕಳು ಇನ್ನೂ ಚಿಕ್ಕವರಿರುವಾಗಲೇ ತಂದೆಯು ಮನೆಯನ್ನು ಬಿಟ್ಟುಹೋದನು. ನಾಲ್ಕು ಮಂದಿ ಗಂಡುಮಕ್ಕಳ ಭಾರವೆಲ್ಲಾ ತಾಯಿಯಾದ ಸಾರಳ ಮೇಲೆ ಬಿತ್ತು.

ಸಾರಳು ಬ್ಯಾಪ್ಟಿಸ್ಟ್ ಸಭೆಗೆ ಸೇರಿದ ಭಕ್ತಿವಂತಳು. ಆ ಸೀಮೆಯಲ್ಲಿ ಒಮ್ಮೆ ಕೆಟ್ಟ ಜ್ವರವು ಹರಡಿದಾಗ ಆಕೆಯು ಮನೆಯಿಂದ ಮನೆಗೆ ಹೋಗಿ ರೋಗಿಗಳನ್ನು ಆರೈಕೆಮಾಡಿದಳೆಂದೂ, ಕುಂಟ ಹುಡುಗನಾದ ಥಾಡಿಯಸನು ಆಕೆಯ ಹಿಂದೆ ಹೋಗುತ್ತಿದ್ದನೆಂದೂ ಹೇಳುತ್ತಾರೆ. ಈ ಮಗನು ನೇಗಿಲ ಹಿಂದೆ ನಡೆಯಲಾರನೆಂದು ಕಂಡು ತಾಯಿಯು ಅವನನ್ನು ಓದಿಸಬೇಕೆಂದು ನಿಶ್ಚಯಿಸಿದಳು. ಇದಕ್ಕಾಗಿಯೇ ೧೮೦೭ರಲ್ಲಿ ಒಳ್ಳೇ ಪಾಠಶಾಲೆಯಿದ್ದ ಪೀಚಮ್ ಎಂಬ ಊರಿಗೆ ಸಂಸಾರವನ್ನು ಸಾಗಿಸಿ, ಹಗಲಿರುಳು ದುಡಿದು ಅವನ ಓದಿಗೆ ಹಣವನ್ನು ಕೂಡಿಸಿದಳು. ೧೮೧೪ರಲ್ಲಿ ಅವನು ಡಾರ್ಟ್‌ಮತ್ ಕಾಲೇಜಿನಿಂದ ಪದವಿಯನ್ನು ಹೊಂದಿದನು.

ಅನಂತರ ಅವನು ಪೆನ್ಸಿಲ್ವೇನಿಯ ಸಂಸ್ಥಾನದ ಯಾರ್ಕ್ ಪಟ್ಟಣಕ್ಕೆ ಬಂದು, ಹಗಲಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ ಉಳಿದ ವೇಳೆಯಲ್ಲಿ ನ್ಯಾಯಶಾಸ್ತ್ರವನ್ನು ಓದಿ, ೧೮೧೬ರಲ್ಲಿ ವಕೀಲನಾದನು. ಅದೇ ವರ್ಷ ಗೆಟ್ಟಿಸ್‌ಬರ್ಗ್ ಎಂಬ ಊರಲ್ಲಿ ನೆಲೆಸಿದನು. ಕೈಯಲ್ಲಿ ಹಣ ಸೇರಿದ ಮೇಲೆ ಅವನು ಮಾಡಿದ ಕೆಲಸಗಳಲ್ಲಿ ತನಗೆ ಅತ್ಯಂತ ಸಂತೋಷ ಕೊಟ್ಟದ್ದು ತಾಯಿಗೆ ಹೊಲವನ್ನೂ ಹಾಲು ಕರೆಯುವ ಹಸುಗಳನ್ನೂ ಕೊಂಡುಕೊಟ್ಟದ್ದೇ ಎಂದು ವೃದ್ಧಾಪ್ಯದಲ್ಲಿ ಹೇಳಿಕೊಂಡನು. ಆಕೆಯು ಸಭೆಯ ಕಾಣಿಕೆಪೆಟ್ಟಿಗೆಯಲ್ಲಿ ಹಾಕುವಂತೆ ಆಗಾಗ್ಗೆ ಬಂಗಾರದ ನಾಣ್ಯಗಳನ್ನೂ ಕಳುಹಿಸುತ್ತಿದ್ದನು.

೨. ಗೆದ್ದು ಸೋತ ವ್ಯಾಜ್ಯ

ಗೆಟ್ಟಿಸ್‌ಬರ್ಗಿನಿಂದ ಕೆಲವೇ ಮೈಲಿ ದಕ್ಷಿಣಕ್ಕೆ ಮೇರಿಲ್ಯಾಂಡ್ ಸಂಸ್ಥಾನದ ಗಡಿಯಿತ್ತು. ಗಡಿಯ ಆಚೆಗೆ ಆಫ್ರಿಕ ಮೂಲದ ಜನರನ್ನು ದನಗಳಂತೆ ಕೊಳ್ಳುವದೂ ಮಾರುವದೂ ಕಾಯಿದೆಗೆ ಒಪ್ಪಿದ್ದಾಗಿತ್ತು. ಈಚೆಗಿನ ಪೆನ್ಸಿಲ್ವೇನಿಯದಲ್ಲಾದರೋ ಗುಲಾಮತನವು ಕ್ರಮಕ್ರಮವಾಗಿ ಇಲ್ಲದೆ ಹೋಗಬೇಕೆಂದು ೧೭೮೦ರಲ್ಲಿಯೇ ಶಾಸನವಾಗಿತ್ತು. ಹೊರಗಿನ ಯಜಮಾನನು ತನ್ನ ಗುಲಾಮರನ್ನು ಇಲ್ಲಿಗೆ ತಂದು ಆರು ತಿಂಗಳು ಇರಿಸಿಕೊಂಡರೆ ಅವರು ಬಿಡುಗಡೆಯಾಗುವರೆಂಬ ನಿಯಮವೂ ಇತ್ತು.

ಚಾರಿಟಿ ಬಟ್ಲರ್ ಎಂಬ ಸ್ತ್ರೀಯು ಮೇರಿಲ್ಯಾಂಡಿನ ಒಬ್ಬ ಯಜಮಾನನ ಗುಲಾಮಳಾಗಿದ್ದಳು. ಆಕೆಯನ್ನು ಕೆಲಸಕ್ಕೆ ಕರೆದುಕೊಂಡಿದ್ದವರು ಹಲವು ಸಾರಿ ಆಕೆಯನ್ನು ಪೆನ್ಸಿಲ್ವೇನಿಯಕ್ಕೆ ಕರಕೊಂಡು ಬಂದಿದ್ದರು. ಆ ದಿನಗಳನ್ನೆಲ್ಲಾ ಒಟ್ಟು ಕೂಡಿಸಿದರೆ ಆರು ತಿಂಗಳಿಗೆ ಮೀರುತ್ತದೆ, ಆದಕಾರಣ ತಾನೂ ತನ್ನ ಮಕ್ಕಳೂ ಸ್ವತಂತ್ರರು ಎಂದು ಆಕೆಯು ನ್ಯಾಯಸ್ಥಾನದಲ್ಲಿ ಮೊರೆಯಿಟ್ಟಳು. ಯಜಮಾನನ ಪರವಾಗಿ ನಿಂತ ವಕೀಲನು ಸ್ಟೀವನ್ಸನೇ. ಆರು ತಿಂಗಳು ಅಂದರೆ ನಡುವೆ ತಡೆಯಿಲ್ಲದೆ ಒಂದೇ ಸಮನಾಗಿ ಆರು ತಿಂಗಳು ಎಂದು ಅವನು ವಾದಿಸಿದನು. ೧೮೨೧ರಲ್ಲಿ ಸಂಸ್ಥಾನದ ಅತ್ಯುನ್ನತ ನ್ಯಾಯಾಲಯವು ಆ ವಾದವನ್ನು ಒಪ್ಪಿಕೊಂಡಿತು. ಚಾರಿಟಿಯೂ ಆಕೆಯ ಮಕ್ಕಳೂ ಗುಲಾಮರೇ ಎಂದು ತೀರ್ಪಾಯಿತು. ಕಾಯಿದೆಯ ಅಕ್ಷರವು ವಕೀಲನ ಪಕ್ಷದಲ್ಲಿತ್ತು. ಕಣ್ಣೀರು ಮಾತ್ರ ಎದುರುಪಕ್ಷದಲ್ಲಿತ್ತು.

ಈ ಜಯದ ತರುವಾಯ ಅವನ ದಾರಿಯು ಬೇರೆಯಾಯಿತು. ಎರಡು ವರ್ಷಗಳೊಳಗೆ, ೧೮೨೩ರ ಸ್ವಾತಂತ್ರ್ಯೋತ್ಸವದ ಔತಣದಲ್ಲಿ, ಒಬ್ಬ ಮನುಷ್ಯನಿಗೂ ಬೇಡಿ ಹಾಕದವನು ದೇಶದ ಮುಂದಿನ ಅಧ್ಯಕ್ಷನಾಗಲೆಂದು ಬಹಿರಂಗವಾಗಿ ಹಾರೈಸಿದನು. ಇನ್ನೊಂದು ಸಂಗತಿಯನ್ನೂ ಅವನ ಚರಿತ್ರೆಯಲ್ಲಿ ಹೇಳುವ ರೂಢಿಯುಂಟು. ಕಾಯಿದೆಯ ಪುಸ್ತಕಗಳನ್ನು ಕೊಳ್ಳುವದಕ್ಕೆ ಹಣ ತಕ್ಕೊಂಡು ಬಾಲ್ಟಿಮೋರಿಗೆ ಹೊರಟವನು ದಾರಿಯ ಛತ್ರದಲ್ಲಿ ಒಬ್ಬ ಹೆಂಗಸು ಅಳುವದನ್ನು ಕಂಡನು. ಆಕೆಯ ಗಂಡನನ್ನು ಮಾರಲಿಕ್ಕಿದ್ದರು. ಸ್ಟೀವನ್ಸನು ೩೦೦ ಡಾಲರು ಕೊಟ್ಟು ಅವನನ್ನು ಬಿಡಿಸಿ, ಪುಸ್ತಕಗಳಿಲ್ಲದೆ ಮನೆಗೆ ತಿರುಗಿದನಂತೆ. ಅದು ಹೇಗೇ ಇರಲಿ, ಓಡಿಬಂದ ಗುಲಾಮರ ಪರವಾಗಿ ಕೂಲಿ ಕೇಳದೆ ವಾದಿಸುವವನೆಂದು ಅವನ ಹೆಸರು ಆ ಗಡಿಸೀಮೆಯಲ್ಲಿ ಹಬ್ಬಿತು.

೩. ಬಡಮಕ್ಕಳ ಶಾಲೆ

೧೮೩೩ರಲ್ಲಿ ಸ್ಟೀವನ್ಸನು ಪೆನ್ಸಿಲ್ವೇನಿಯದ ಶಾಸನಸಭೆಗೆ ಸದಸ್ಯನಾಗಿ ಆರಿಸಲ್ಪಟ್ಟನು. ಅವನು ಫ್ರೀಮೇಸನ್ ಎಂಬ ಗುಪ್ತಸಂಘವನ್ನು ವಿರೋಧಿಸುವ ಪಕ್ಷದವನು. ಆ ಪಕ್ಷವು ಬಹುಕಾಲ ಬಾಳಲಿಲ್ಲ. ಆದರೆ ಅದರ ಸದಸ್ಯನಾಗಿ ಅವನು ಮಾಡಿದ ಒಂದು ಕಾರ್ಯವು ಇಂದಿನ ವರೆಗೂ ನಿಂತಿದೆ. ಅದು ಬಡಮಕ್ಕಳ ಶಾಲೆಯ ಸಂಗತಿ.

ಆಗಿನ ಕಟ್ಟಳೆ ಹೇಗಿತ್ತೆಂದರೆ, ೧೮೦೯ರ ಶಾಸನದ ಪ್ರಕಾರ ಬಡವರ ಮಕ್ಕಳಿಗೆ ಸರಕಾರವು ಶಾಲೆಯ ಫೀಜನ್ನು ಕೊಡುತ್ತಿತ್ತು. ಆದರೆ ಅದಕ್ಕೆ ಮುಂಚೆ ತಂದೆಯು ಬಂದು ತಾನು ದರಿದ್ರನೆಂದು ಬರಸಿಕೊಡಬೇಕು. ಶಾಲೆಯಲ್ಲಿ ಆ ಮಗುವು ಧರ್ಮದ ಮಗು ಎಂದು ಎಲ್ಲರಿಗೂ ಗೊತ್ತಾಗುವದು. ಈ ಅವಮಾನವನ್ನು ತಾಳಲಾರದೆ ಎಷ್ಟೋ ಮಂದಿ ಬಡವರು ಮಕ್ಕಳನ್ನು ಮನೆಯಲ್ಲಿಯೇ ಇಟ್ಟುಕೊಂಡರು. ಹೀಗಿರಲಾಗಿ ೧೮೩೪ರಲ್ಲಿ, ಜಾರ್ಜ್ ವುಲ್ಫ್ ಎಂಬವನು ಗವರ್ನರನಾಗಿದ್ದಾಗ, ಹೊಸ ಶಾಸನವು ಹುಟ್ಟಿತು. ಊರವರೆಲ್ಲರೂ ತೆರಿಗೆ ಕೊಟ್ಟು ಶಾಲೆಯನ್ನು ನಡಿಸಬೇಕು. ಧನವಂತನ ಮಗುವೂ ಬಡವನ ಮಗುವೂ ಒಂದೇ ಬಾಗಲಿನಿಂದ ಒಳಗೆ ಬರಬೇಕು ಎಂಬದೇ ಅದರ ತಾತ್ಪರ್ಯ.

ಕೂಡಲೇ ಸಂಸ್ಥಾನದಲ್ಲಿ ದೊಡ್ಡ ಗದ್ದಲವೆದ್ದಿತು. ಮಕ್ಕಳಿಲ್ಲದವರು, ಪರರ ಮಕ್ಕಳಿಗಾಗಿ ನಾವೇಕೆ ತೆರಬೇಕು ಅಂದರು. ಹಣವುಳ್ಳವರು ತಮ್ಮ ಮಕ್ಕಳಿಗೆ ಬೇರೆ ಶಾಲೆಗಳಿವೆ ಅಂದರು. ಜರ್ಮನ್ ಭಾಷೆಯನ್ನಾಡುವ ಒಕ್ಕಲಿಗರು ತಮ್ಮ ಸಭೆಗಳ ಶಾಲೆಗಳೂ ತಮ್ಮ ಭಾಷೆಯೂ ಅಳಿದುಹೋದಾವೆಂದು ಅಂಜಿದರು. ಶಾಸನವನ್ನು ರದ್ದುಮಾಡಬೇಕೆಂದು ಸುಮಾರು ೩೨,೦೦೦ ಮಂದಿ ಮನವಿಗಳಿಗೆ ರುಜು ಹಾಕಿದರು. ಉಳಿಸಬೇಕೆಂದು ಬರೆದವರು ಮೂರು ಸಾವಿರಕ್ಕೂ ಕಡಿಮೆ. ೧೮೩೫ರಲ್ಲಿ ಮೇಲ್ಸಭೆಯು ರದ್ದುಮಾಡುವದಕ್ಕೆ ಒಪ್ಪಿತು. ಕೆಳಸಭೆಯೂ ಒಪ್ಪುವದೆಂದೇ ಎಲ್ಲರೂ ಎಣಿಸಿದರು. ಸ್ಟೀವನ್ಸನನ್ನು ಆರಿಸಿದ ಸೀಮೆಯ ಜನರೂ ಶಾಸನವು ತೊಲಗಲಿ ಎಂದೇ ಅವನಿಗೆ ಹೇಳಿಕಳುಹಿಸಿದ್ದರು.

ಆ ವರ್ಷದ ಎಪ್ರಿಲ್ ೧೧ರಂದು ಅವನು ಸಭೆಯಲ್ಲಿ ಎದ್ದು ನಿಂತನು. ಶಾಸನವನ್ನು ತೆಗೆದು ಹಳೇ ಕಟ್ಟಳೆಯನ್ನು ತರುವದಾದರೆ ಅದಕ್ಕೆ ತಕ್ಕ ಹೆಸರನ್ನೂ ಇಡಿರಿ, ಬಡವರಿಗೆ ಬರೆ ಹಾಕಿ ಗುರುತು ಮಾಡುವ ಕಾಯಿದೆ ಎಂದು ಕರೆಯಿರಿ ಎಂದು ಅವನು ಸದಸ್ಯರನ್ನು ಕೇಳಿಕೊಂಡನು. ತೆರಿಗೆಯ ವಿಷಯದಲ್ಲಿ ಅವನ ಉತ್ತರವು ಒಕ್ಕಲಿಗನಿಗೂ ತಿಳಿಯುವಂಥಾದ್ದು. ಎಂದೂ ಕಳ್ಳತನ ಮಾಡದವನು ಸೆರೆಮನೆಗಾಗಿ ತೆರಿಗೆ ಕೊಡುತ್ತಾನೆ. ಎಂದೂ ವ್ಯಾಜ್ಯವಾಡದವನು ನ್ಯಾಯಸ್ಥಾನಕ್ಕಾಗಿ ಕೊಡುತ್ತಾನೆ. ಅಪರಾಧಿಯನ್ನು ಶಿಕ್ಷಿಸುವದಕ್ಕೆ ಗೊಣಗದೆ ಕೊಡುವವನು ಅಪರಾಧವು ಹುಟ್ಟದಂತೆ ಮಾಡುವ ಶಾಲೆಗೆ ಕೊಡುವದಕ್ಕೆ ಯಾಕೆ ಗೊಣಗಬೇಕು? ನೆರೆಯವನ ಮಗನು ಬುದ್ಧಿವಂತನಾದರೆ ಅದರ ಲಾಭವು ಮಕ್ಕಳಿಲ್ಲದವನಿಗೂ ಬರುವದಲ್ಲವೇ? ಹೀಗೆ ವಾದಿಸಿದ್ದಲ್ಲದೆ, ರಾಜಕೀಯದಲ್ಲಿ ತನಗೆ ಎದುರಾಳಿಯಾಗಿದ್ದ, ತಾನು ದ್ವೇಷಿಸುತ್ತಿದ್ದ ಗುಪ್ತಸಂಘಕ್ಕೇ ಸೇರಿದ ಗವರ್ನರ್ ವುಲ್ಫನನ್ನು ಈ ಒಂದು ಕಾರ್ಯಕ್ಕಾಗಿ ಮನಸ್ಸು ಬಿಚ್ಚಿ ಹೊಗಳಿದನು. ಜನರ ಕೋಪಕ್ಕೆ ಅಂಜಿ ಮತ ಕೊಡುವದಕ್ಕಿಂತ ಪದವಿಯನ್ನು ಕಳಕೊಳ್ಳುವದೇ ಲೇಸೆಂದು ಸದಸ್ಯರನ್ನು ಎಚ್ಚರಿಸಿದನು.

ಅವನು ಕೂತುಕೊಂಡ ಮೇಲೆ ಕೆಳಸಭೆಯು ಶಾಸನವನ್ನು ಉಳಿಸಿತು. ರದ್ದುಮಾಡುವದಕ್ಕೆ ಒಪ್ಪಿದ್ದ ಮೇಲ್ಸಭೆಯೂ ಮನಸ್ಸು ತಿರುಗಿಸಿತು. ಹೀಗೆ ಪೆನ್ಸಿಲ್ವೇನಿಯದಲ್ಲಿ ಎಲ್ಲರ ಶಾಲೆಯು ಉಳಿಯಿತು. ಕುಂಟ ಮಗನ ಓದಿಗಾಗಿ ಒಬ್ಬ ತಾಯಿ ಪಟ್ಟ ಪ್ರಯಾಸವನ್ನು ಕಣ್ಣಾರೆ ಕಂಡವನಿಗೆ ಈ ವಾದವು ಪುಸ್ತಕದಿಂದ ಬಂದದ್ದಲ್ಲ. ತಾನು ಮಾಡಿದ ಕಾರ್ಯಗಳಲ್ಲಿ ಇದನ್ನು ಅವನು ಕಡೇ ವರೆಗೂ ಬಹಳ ದೊಡ್ಡದಾಗಿ ಎಣಿಸಿದನು.

೪. ರುಜು ಹಾಕದ ಕೈ

೧೮೩೭ರಲ್ಲಿ ಪೆನ್ಸಿಲ್ವೇನಿಯದ ರಾಜ್ಯಘಟನೆಯನ್ನು ತಿದ್ದುವದಕ್ಕೆ ಒಂದು ಸಭೆಯು ಕೂಡಿತು. ಸ್ಟೀವನ್ಸನೂ ಅದರಲ್ಲಿ ಒಬ್ಬನು. ಅದುವರೆಗೆ ಆ ಸಂಸ್ಥಾನದ ಕೆಲವು ಸೀಮೆಗಳಲ್ಲಿ ಸ್ವತಂತ್ರರಾದ ಕಪ್ಪುವರ್ಣದ ಗಂಡಸರು ಮತ ಕೊಡುತ್ತಿದ್ದರು. ೧೮೩೮ರಲ್ಲಿ ಸಭೆಯವರು ಮತದಾನದ ಕಲಮಿನಲ್ಲಿ ಬಿಳಿಯ ಎಂಬ ಒಂದೇ ಮಾತನ್ನು ಸೇರಿಸಿ ಅವರೆಲ್ಲರನ್ನೂ ಹೊರಗೆ ಹಾಕಿದರು. ತಿಂಗಳುಗಟ್ಟಲೆ ಸಭೆಯಲ್ಲಿ ಕೂತು ದುಡಿದಿದ್ದರೂ ಸ್ಟೀವನ್ಸನು ಆ ಘಟನೆಗೆ ತನ್ನ ರುಜುವನ್ನು ಹಾಕಲಿಲ್ಲ. ಒಂದು ಮಾತಿನ ಅರ್ಥವನ್ನು ಬಿಗಿಹಿಡಿದು ಚಾರಿಟಿ ಬಟ್ಲರಳನ್ನು ಸೋಲಿಸಿದವನು, ಈಗ ಒಂದು ಮಾತಿನ ನಿಮಿತ್ತವಾಗಿಯೇ ಹಿಡಿದ ಲೇಖಣಿಯನ್ನು ಕೆಳಗಿಟ್ಟನು.

ಅವನು ದೋಷವಿಲ್ಲದವನೆಂದು ನಾವು ಬರೆಯುವದಿಲ್ಲ. ಅವನ ನಾಲಿಗೆ ಹರಿತವಾದದ್ದು. ಅದರಿಂದ ಗಾಯಪಟ್ಟವರು ಬಹಳ. ಮದ್ಯಪಾನವನ್ನು ಸಂಪೂರ್ಣವಾಗಿ ತೊರೆದನು, ಆದರೆ ಇಸ್ಪೀಟಿನ ಜೂಜನ್ನು ತೊರೆಯಲಿಲ್ಲ. ಪಕ್ಷದ ಕಾದಾಟದಲ್ಲಿ ಹಟಮಾರಿಯಾಗಿದ್ದನು. ೧೮೩೮ರ ದಶಂಬರದಲ್ಲಿ, ಚುನಾವಣೆಯ ಫಲದ ವಿಷಯವಾಗಿ ಹ್ಯಾರಿಸ್‌ಬರ್ಗಿನ ಶಾಸನಸಭೆಯಲ್ಲಿ ದೊಂಬಿಯೆದ್ದಾಗ ಅವನು ಕಿಟಕಿಯಿಂದ ಧುಮುಕಿ ತಪ್ಪಿಸಿಕೊಳ್ಳಬೇಕಾಯಿತು. ಆ ಕಲಹವು ಎದ್ದದ್ದರಲ್ಲಿ ಅವನ ಪಾಲೂ ಇತ್ತು. ಬಾಲಕನಾಗಿದ್ದಾಗ ತಾಯಿಯಿಂದ ಸತ್ಯವೇದವನ್ನು ಕಲಿತವನಾದರೂ ಯಾವ ಸಭೆಗೂ ಅವನು ಸೇರಲಿಲ್ಲ.

೫. ಲ್ಯಾಂಕಾಸ್ಟರಿನ ಮನೆ

ಸ್ಟೀವನ್ಸನು ಪಾಲುಗಾರನೊಡನೆ ಕಬ್ಬಿಣವನ್ನು ಕರಗಿಸುವ ಕುಲುಮೆಗಳನ್ನು ನಡಿಸಿ ದೊಡ್ಡ ಸಾಲಕ್ಕೆ ಬಿದ್ದನು. ಆ ಸಾಲವನ್ನು ತೀರಿಸುವದಕ್ಕಾಗಿ ೧೮೪೨ರಲ್ಲಿ ಹೆಚ್ಚು ವ್ಯಾಜ್ಯಗಳು ದೊರಕುವ ಲ್ಯಾಂಕಾಸ್ಟರ್ ಪಟ್ಟಣಕ್ಕೆ ಹೋದನು. ಅವನು ಮದುವೆಯಾಗಲಿಲ್ಲ. ಲಿಡಿಯ ಹ್ಯಾಮಿಲ್ಟನ್ ಸ್ಮಿತ್ ಎಂಬ ಮಿಶ್ರವರ್ಣದ ಸ್ತ್ರೀಯು ಸುಮಾರು ಇಪ್ಪತ್ತು ವರ್ಷ ಅವನ ಮನೆವಾರ್ತೆಯನ್ನು ನೋಡಿಕೊಂಡಳು. ಅಂಥಾ ಕೆಲಸದವರನ್ನು ಬರೀ ಹೆಸರಿನಿಂದ ಕೂಗುವದು ಆ ಕಾಲದ ವಾಡಿಕೆಯಾಗಿದ್ದರೂ, ಅವನು ಆಕೆಯನ್ನು ಮರ್ಯಾದೆಯಿಂದ ಮಿಸೆಸ್ ಸ್ಮಿತ್ ಎಂದೇ ಕರೆಯುತ್ತಿದ್ದನು. ಬಂದ ಅತಿಥಿಗಳೂ ಹಾಗೆಯೇ ಕರೆಯುತ್ತಿದ್ದರು. ಆಕೆಯು ಜಾಣತನದಿಂದ ಹಣವನ್ನು ಕೂಡಿಸಿ ಸ್ವಂತ ಮನೆಗಳನ್ನು ಕೊಂಡಳು.

ಆ ದಿನಗಳಲ್ಲಿ ದಕ್ಷಿಣದಿಂದ ತಪ್ಪಿಸಿಕೊಂಡ ಗುಲಾಮರು ರಾತ್ರಿಯಲ್ಲಿ ನಡೆಯುತ್ತಾ, ಹಗಲಲ್ಲಿ ಸ್ನೇಹಿತರ ಮನೆಗಳಲ್ಲಿ ಅಡಗಿಕೊಳ್ಳುತ್ತಾ ಉತ್ತರಕ್ಕೆ ಹೋಗುತ್ತಿದ್ದರು. ಸ್ಟೀವನ್ಸನು ಇಂಥವರಿಗೆ ಸಹಾಯಮಾಡಿದನು. ೨೦೦೨ರ ಸುಮಾರಿಗೆ ಅವನ ಮನೆಯ ಹಿತ್ತಲನ್ನು ಅಗೆದ ವಿದ್ವಾಂಸರಿಗೆ ಇಟ್ಟಿಗೆಯಿಂದ ಕಟ್ಟಿದ ಒಂದು ಹಳೇ ನೀರಿನ ತೊಟ್ಟಿಯು ಸಿಕ್ಕಿತು. ಅದು ಓಡಿಬಂದವರನ್ನು ಅಡಗಿಸುವ ಸ್ಥಳವಾಗಿದ್ದಿರಬೇಕೆಂದು ಅವರು ಎಣಿಸುತ್ತಾರೆ.

೧೮೫೦ರಲ್ಲಿ ದೇಶದ ಕಾಂಗ್ರೆಸ್ ಸಭೆಯು ಒಂದು ಕಠಿಣವಾದ ಕಾಯಿದೆಯನ್ನು ಮಾಡಿತು. ಓಡಿಬಂದ ಗುಲಾಮನನ್ನು ಹಿಡಿಯುವದಕ್ಕೆ ಉತ್ತರದ ಪ್ರಜೆಗಳೂ ಸಹಾಯಮಾಡಲೇಬೇಕೆಂಬದೇ ಅದು. ಮರುವರುಷ ಸಪ್ಟಂಬರದಲ್ಲಿ ಲ್ಯಾಂಕಾಸ್ಟರಿಗೆ ಸಮೀಪದ ಕ್ರಿಸ್ಟಿಯಾನ ಎಂಬ ಊರಿಗೆ ಮೇರಿಲ್ಯಾಂಡಿನ ಯಜಮಾನನೊಬ್ಬನು ತನ್ನ ಗುಲಾಮರನ್ನು ಹಿಡಿಯಲು ಬಂದನು. ಕಪ್ಪುಜನರು ಎದುರಿಸಿ ನಿಂತರು. ಕಾದಾಟದಲ್ಲಿ ಯಜಮಾನನು ಸತ್ತನು. ಸರಕಾರವು ೩೮ ಮಂದಿಯ ಮೇಲೆ ರಾಜದ್ರೋಹದ ಅಪವಾದವನ್ನು ಹೊರಿಸಿತು. ಮೊದಲು ವಿಚಾರಣೆಯಾದ ಕ್ಯಾಸ್ಟ್‌ನರ್ ಹ್ಯಾನ್ವೆ ಎಂಬ ಬಿಳಿಯನು ಮಾಡಿದ್ದು ಇಷ್ಟೇ: ಹಿಡಿಯುವದಕ್ಕೆ ಸಹಾಯಮಾಡೆನು ಅಂದದ್ದು. ಅವನ ಪರವಾಗಿ ನಿಂತ ವಕೀಲರಲ್ಲಿ ಸ್ಟೀವನ್ಸನೂ ಇದ್ದನು. ಪಂಚರು ಸುಮಾರು ಕಾಲುಗಂಟೆಯಲ್ಲಿಯೇ ಹ್ಯಾನ್ವೆಯನ್ನು ನಿರಪರಾಧಿಯೆಂದು ಬಿಟ್ಟರು. ರಾಜದ್ರೋಹದ ಅಪವಾದದಲ್ಲಿ ಉಳಿದವರಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ.

೬. ದೇಶದ ಸಭೆಯಲ್ಲಿ

ಸ್ಟೀವನ್ಸನು ೧೮೪೯ರಿಂದ ೧೮೫೩ರ ವರೆಗೂ, ಮತ್ತೆ ೧೮೫೯ರಿಂದ ಮರಣದ ವರೆಗೂ ಕಾಂಗ್ರೆಸಿನ ಪ್ರತಿನಿಧಿಗಳ ಸಭೆಯಲ್ಲಿದ್ದನು. ೧೮೬೧ರಲ್ಲಿ ಗುಲಾಮತನದ ನಿಮಿತ್ತ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಹತ್ತಿತು. ಆಗ ಯುದ್ಧಕ್ಕೆ ಬೇಕಾದ ಹಣವನ್ನು ಒದಗಿಸುವ ಸಮಿತಿಗೆ ಅವನೇ ಅಧ್ಯಕ್ಷನು. ಗುಲಾಮರೆಲ್ಲರನ್ನೂ ಬೇಗನೇ ಬಿಡುಗಡೆಮಾಡಬೇಕೆಂದು ಅಧ್ಯಕ್ಷ ಅಬ್ರಹಾಮ್ ಲಿಂಕನನನ್ನು ಅವನು ಎಡೆಬಿಡದೆ ಒತ್ತಾಯಪಡಿಸಿದನು. ೧೮೬೩ರ ಜೂನಿನಲ್ಲಿ ದಕ್ಷಿಣದ ಸೈನ್ಯವು ಗೆಟ್ಟಿಸ್‌ಬರ್ಗಿನ ಕಡೆಗೆ ಬರುವಾಗ ಅವನ ಹೆಸರನ್ನು ಕೇಳಿಯೇ ಅವನ ಕಬ್ಬಿಣದ ಕಾರ್ಖಾನೆಯನ್ನು ಸುಟ್ಟುಹಾಕಿತು. ತನ್ನ ನಷ್ಟಕ್ಕಿಂತ ಹೆಚ್ಚಾಗಿ ಕೆಲಸ ಕಳಕೊಂಡ ಕೂಲಿಯವರ ವಿಷಯವಾಗಿ ಅವನು ಚಿಂತಿಸಿ, ಆ ಕುಟುಂಬಗಳಿಗೆ ಸಹಾಯಮಾಡಿದನು.

೧೮೬೫ರಲ್ಲಿ ಯುದ್ಧವು ಮುಗಿಯಿತು. ರಾಜ್ಯಘಟನೆಯ ಹದಿಮೂರನೇ ತಿದ್ದುಪಡಿಯಿಂದ ಗುಲಾಮತನವು ದೇಶದಲ್ಲೆಲ್ಲಾ ನಿಂತುಹೋಯಿತು. ಆದರೆ ಬೇಡಿ ಕಳಚಿದರೆ ಸಾಲದು, ನಿಲ್ಲುವದಕ್ಕೆ ನೆಲವೂ ಬೇಕೆಂದು ಸ್ಟೀವನ್ಸನು ಬಲ್ಲನು. ದಂಗೆಯೆದ್ದ ದೊಡ್ಡ ಜಮೀನುದಾರರ ಭೂಮಿಯನ್ನು ತೆಗೆದುಕೊಂಡು ಬಿಡುಗಡೆಯಾದ ಪ್ರತಿಯೊಬ್ಬ ಪ್ರಾಯಸ್ಥನಿಗೆ ೪೦ ಎಕರೆ ಕೊಡಬೇಕೆಂದು ಅವನು ಸೂಚಿಸಿದನು. ಭೂಮಿಯಿಲ್ಲದಿದ್ದರೆ ಅವರು ತಿರುಗಿ ಹಳೇ ಯಜಮಾನನ ಬಾಗಲಿಗೇ ಹೋಗಬೇಕಾಗುವದೆಂದು ಎಚ್ಚರಿಸಿದನು. ಕಾಂಗ್ರೆಸು ಒಪ್ಪಲಿಲ್ಲ. ಅವನು ಹೇಳಿದಂತೆಯೇ ಆಯಿತು: ಲಕ್ಷಾಂತರ ಜನರು ಮುಂದೆ ತಲೆತಲಾಂತರವಾಗಿ ಪರರ ಹೊಲವನ್ನು ಪಾಲಿಗೆ ಉತ್ತು, ತೀರದ ಸಾಲದಲ್ಲಿ ಬಿದ್ದರು.

ಇನ್ನೊಂದು ಕಾರ್ಯವು ಕೈಗೂಡಿತು. ೧೮೬೬ರಲ್ಲಿ ಅವನ ಮುಂದಾಳುತನದಲ್ಲಿ ಹದಿನಾಲ್ಕನೇ ತಿದ್ದುಪಡಿಯು ಪ್ರತಿನಿಧಿಗಳ ಸಭೆಯನ್ನು ದಾಟಿತು. ಆ ದೇಶದಲ್ಲಿ ಹುಟ್ಟಿ ಅದರ ಅಧಿಕಾರಕ್ಕೆ ಒಳಪಟ್ಟವರು ಪ್ರಜೆಗಳೆಂದೂ, ಕಾಯಿದೆಯ ಸಮವಾದ ರಕ್ಷಣೆಯನ್ನು ಯಾವ ಸಂಸ್ಥಾನವೂ ಯಾರಿಗೂ ಇಲ್ಲವೆನ್ನಬಾರದೆಂದೂ ಅದು ವಿಧಿಸುತ್ತದೆ. ತಾನು ಬಯಸಿದ್ದಕ್ಕಿಂತ ಅದು ಕಡಿಮೆಯೆಂದು ಅವನು ಸಭೆಯಲ್ಲಿಯೇ ದುಃಖಪಟ್ಟು ಹೇಳಿದನು. ಆದಾಗ್ಯೂ ಕೈಗೆ ಸಿಕ್ಕಿದ್ದನ್ನು ಬಿಡಬಾರದೆಂದು ಮತ ಕೊಟ್ಟನು. ೧೮೬೮ರ ಜುಲಾಯಿಯಲ್ಲಿ ಅದು ದೇಶದ ಶಾಸನವಾಯಿತು. ಆಗ ಅವನು ನಡೆಯಲಾರದಷ್ಟು ಕುಗ್ಗಿದ್ದನು. ಆಳುಗಳು ಅವನನ್ನು ಕುರ್ಚಿಯಲ್ಲಿ ಕೂಡ್ರಿಸಿ ಸಭೆಗೆ ಹೊತ್ತು ತರುತ್ತಿದ್ದರು.

೭. ಮರಣವೂ ಸಮಾಧಿಯೂ

೧೮೬೮ರ ಅಗೋಸ್ತು ೧೧ರ ರಾತ್ರಿ ಸ್ಟೀವನ್ಸನು ವಾಷಿಂಗ್ಟನ್ ಪಟ್ಟಣದಲ್ಲಿ ತೀರಿಕೊಂಡನು. ಕಪ್ಪುವರ್ಣದ ಇಬ್ಬರು ಬೋಧಕರು ಬಂದು ಅವನ ಹಾಸಿಗೆಯ ಬಳಿಯಲ್ಲಿ ಪ್ರಾರ್ಥಿಸಿದ್ದರು. ಮಿಸೆಸ್ ಸ್ಮಿತಳು ಹತ್ತಿರವಿದ್ದಳು. ಕಾಂಗ್ರೆಸಿನ ಭವನದಲ್ಲಿ ಅವನ ಶವವನ್ನಿಟ್ಟಾಗ ಕಪ್ಪುವರ್ಣದ ಸಿಪಾಯಿಗಳು ಕಾವಲು ನಿಂತರು. ಲ್ಯಾಂಕಾಸ್ಟರಿನಲ್ಲಿ ಶವಸಂಸ್ಕಾರಕ್ಕೆ ಸುಮಾರು ೨೦,೦೦೦ ಜನರು ಕೂಡಿಬಂದರು. ಅವರಲ್ಲಿ ಅರ್ಧದಷ್ಟು ಮಂದಿ ಆಫ್ರಿಕ ಮೂಲದವರು. ಆ ಸೀಮೆಯ ಅವನ ಪಕ್ಷದವರು ಸತ್ತವನ ಹೆಸರನ್ನೇ ಮುಂದಿನ ಚುನಾವಣೆಯ ಹುರಿಯಾಳಾಗಿ ಆರಿಸಿ ಗೌರವಿಸಿದರು.

ಅವನ ಸಮಾಧಿಯ ಸಂಗತಿಯು ವಿಶೇಷವಾದದ್ದು. ಪಟ್ಟಣದ ದೊಡ್ಡ ಸ್ಮಶಾನಗಳಲ್ಲಿ ಅವನು ಮುಂಚೆಯೇ ಸ್ಥಳವನ್ನು ಕೊಂಡಿದ್ದನು. ಆದರೆ ಅಲ್ಲಿ ಬಿಳಿಯರನ್ನು ಮಾತ್ರ ಹೂಣಿಡುತ್ತಾರೆಂದು ತಿಳಿದಾಗ ಅವುಗಳನ್ನು ಹಿಂದಕ್ಕೆ ಕೊಟ್ಟು, ಎಲ್ಲಾ ವರ್ಣದವರನ್ನೂ ಸೇರಿಸಿಕೊಳ್ಳುತ್ತಿದ್ದ ಷ್ರೈನರ್ ಎಂಬವನ ಚಿಕ್ಕ ಸ್ಮಶಾನದಲ್ಲಿ ಜಾಗ ಮಾಡಿಕೊಂಡನು. ಕಲ್ಲಿನ ಮೇಲೆ ಕೆತ್ತಬೇಕಾದ ಮಾತುಗಳನ್ನೂ ತಾನೇ ಬರೆದಿಟ್ಟನು. ತಾನು ಏಕಾಂತವನ್ನು ಬಯಸಿ ಇಲ್ಲಿ ಮಲಗಲಿಲ್ಲ. ಸೃಷ್ಟಿಕರ್ತನ ಮುಂದೆ ಮನುಷ್ಯರೆಲ್ಲರೂ ಸಮಾನರೆಂದು ಜೀವಮಾನವೆಲ್ಲಾ ವಾದಿಸಿದ್ದನ್ನು ಮರಣದಲ್ಲಿಯೂ ತೋರಿಸಬೇಕೆಂದೇ ಈ ಸ್ಥಳವನ್ನು ಆರಿಸಿಕೊಂಡೆನು ಎಂಬದು ಅವುಗಳ ಅರ್ಥ.

ಅವನ ಮರಣಶಾಸನದಲ್ಲಿ ಮಿಸೆಸ್ ಸ್ಮಿತಳಿಗೆ ೫,೦೦೦ ಡಾಲರು ಇತ್ತು. ಪೀಚಮಿನಲ್ಲಿರುವ ತಾಯಿಯ ಸಮಾಧಿಯ ನಾಲ್ಕು ಮೂಲೆಗಳಲ್ಲಿ ವರ್ಷವರ್ಷ ವಸಂತಕಾಲದಲ್ಲಿ ಗುಲಾಬಿಯನ್ನೋ ಬೇರೆ ಚೆಲುವಾದ ಹೂಗಳನ್ನೋ ನೆಡುವದಕ್ಕೆ ಹಣವಿತ್ತು. ಅನಾಥ ಬಾಲಕರಿಗಾಗಿ ಒಂದು ಮನೆಯನ್ನು ಕಟ್ಟುವ ಏರ್ಪಾಡೂ ಇತ್ತು. ಅಲ್ಲಿ ವರ್ಣಭೇದವನ್ನಾಗಲಿ ಕುಲಭೇದವನ್ನಾಗಲಿ ನೋಡಬಾರದು, ಎಲ್ಲಾ ಮಕ್ಕಳೂ ಒಂದೇ ಮೇಜಿನಲ್ಲಿ ಉಣ್ಣಬೇಕು ಎಂದು ಅವನು ವಿಧಿಸಿದನು. ಅದರಿಂದ ಹುಟ್ಟಿದ ಕೈಗಾರಿಕೆಯ ವಿದ್ಯಾಶಾಲೆಯು ಲ್ಯಾಂಕಾಸ್ಟರಿನಲ್ಲಿ ಅವನ ಹೆಸರಿನಿಂದ ಇಂದಿಗೂ ನಡೆಯುತ್ತಿದೆ.

ಹದಿನಾಲ್ಕನೇ ತಿದ್ದುಪಡಿಯು ಬಹುಕಾಲ ಬರೀ ಅಕ್ಷರವಾಗಿಯೇ ಉಳಿಯಿತು. ದಕ್ಷಿಣದ ಸಂಸ್ಥಾನಗಳು ಅದನ್ನು ಕಾಲಕೆಳಗೆ ಹಾಕಿದವು. ೧೯೫೪ರಲ್ಲಾದರೋ ಅಮೆರಿಕದ ಶ್ರೇಷ್ಠ ನ್ಯಾಯಾಲಯವು ಅದೇ ಕಲಮನ್ನು ಹಿಡಿದು, ಬಿಳಿಯ ಮಕ್ಕಳಿಗೂ ಕಪ್ಪುಮಕ್ಕಳಿಗೂ ಸರಕಾರಿ ಶಾಲೆಗಳನ್ನು ಬೇರೆಬೇರೆಯಾಗಿ ಇಡಬಾರದೆಂದು ತೀರ್ಪುಕೊಟ್ಟಿತು. ಶಾಲೆಯ ಬಾಗಲು ಎಲ್ಲರಿಗೂ ಒಂದೇ ಆಗಿರಲೆಂದು ೧೮೩೫ರಲ್ಲಿ ಹೋರಾಡಿದವನ ಕೆಲಸವು ಅವನು ಸತ್ತು ೮೬ ವರ್ಷಗಳಾದ ಮೇಲೆ ಹೀಗೆ ಮುಂದುವರಿಯಿತು. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಭಾರತದ ಸಂವಿಧಾನದ ಹದಿನಾಲ್ಕನೇ ಅನುಚ್ಛೇದದಲ್ಲಿ ಕಾಯಿದೆಗಳ ಸಮಾನ ರಕ್ಷಣೆ ಎಂಬ ಮಾತು ಉಂಟು. ಅದು ಆ ಅಮೆರಿಕದ ತಿದ್ದುಪಡಿಯಿಂದಲೇ ಬಂದದ್ದು.

ಪ್ರಿಯ ವಾಚಕರೇ, ಚಾರಿಟಿ ಬಟ್ಲರಳ ವಿಷಯದಲ್ಲಿ ಆದ ತೀರ್ಪನ್ನು ಸ್ಟೀವನ್ಸನು ಹಿಂದಕ್ಕೆ ತಿರುಗಿಸಲಾರದೆ ಹೋದನು. ಕೆಲವು ತಪ್ಪುಗಳು ಹಾಗೆಯೇ, ಮಾಡಿದ್ದು ಮಾಡಿದ್ದೇ. ಆದರೆ ಆ ತಪ್ಪಿನೊಳಗೇ ಅವನು ಮನೆ ಕಟ್ಟಿಕೊಳ್ಳಲಿಲ್ಲ. ನಮ್ಮ ಕೈಯಲ್ಲಿ ವಿದ್ಯೆಯೋ ಅಧಿಕಾರವೋ ಕಾಯಿದೆಯ ತಿಳುವಳಿಕೆಯೋ ಸ್ವಲ್ಪವಿದ್ದರೂ ಅದನ್ನು ಇದುವರೆಗೆ ಯಾರ ಪರವಾಗಿ ಎತ್ತಿದೆವೆಂದು ನೋಡಿಕೊಳ್ಳೋಣ. ಎತ್ತಬಾರದ ಕಡೆಗೆ ಎತ್ತಿದ್ದರೆ ಇಂದೇ ಪಕ್ಷವನ್ನು ಬದಲಿಸೋಣ.